ಔಷಧಿಗೆ ಬಗ್ಗದ ಹುಳು: ಉತ್ತರ ಕನ್ನಡ ಈಗಲೇ ಇಡಬೇಕಾದ ಲೆಕ್ಕ

ಉತ್ತರ ಕನ್ನಡಕ್ಕೂ ಕೀಟನಾಶಕಕ್ಕೂ ನಂಟು ಹಳೆಯದು. ಅದು ಶುರುವಾದದ್ದು ಗದ್ದೆಯಲ್ಲಲ್ಲ, ಮನೆಯ ಗೋಡೆಯ ಮೇಲೆ. 1945–46ರ ಸುಮಾರಿಗೆ ಆಗಿನ ಮುಂಬೈ ಪ್ರಾಂತದ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಮತ್ತು ಅವರ ಜೊತೆಗಾರರು ಕೆನರಾ (ಈಗಿನ ಉತ್ತರ ಕನ್ನಡ), ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಸಿದರು. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಪ್ರಕಟವಾಯಿತು. ಘಟ್ಟದ ಸೆರಗಿನ ಹಳ್ಳಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಇಲ್ಲಿನ ಜನರನ್ನು ಹಣ್ಣು ಮಾಡಿದ್ದ ಕಾಲ ಅದು. ಜ್ವರ ಇಳಿಯಿತು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. 1959ರ ಹೊತ್ತಿಗೆ ಬಯಲುಸೀಮೆಯ ಇನ್ನೊಂದು ಸೊಳ್ಳೆ, ಅನಾಫಿಲಿಸ್ ಕ್ಯುಲಿಸಿಫೇಸಿಸ್, ಡಿಡಿಟಿಗೆ ಜಗ್ಗುವುದಿಲ್ಲ ಅನ್ನುವ ವರದಿ ಬಂದಾಗಿತ್ತು.

ಬೆಳೆಯ ಹುಳುಗಳ ಕಥೆಯೂ ಹೀಗೇ. ಅಮೆರಿಕದ ಮೆಲಾಂಡರ್ ಎಂಬ ಕೀಟತಜ್ಞ 1914ರಲ್ಲೇ ಈ ಪ್ರಶ್ನೆ ಎತ್ತಿದ್ದ. ಹಣ್ಣಿನ ತೋಟದ ಸ್ಯಾನ್ ಹೊಸೆ ಶಲ್ಕ ಕೀಟ ಸುಣ್ಣ-ಗಂಧಕದ ದ್ರಾವಣಕ್ಕೆ ಸಾಯುತ್ತಿರಲಿಲ್ಲ. ನಮ್ಮ ದೇಶದಲ್ಲಿ ಬೆಳೆ ಕೀಟದ ಮೊದಲ ವರದಿ 1963ರದು. ಕೆರೆಯಲ್ಲಿ ಬೆಳೆಯುವ ಸಿಂಘಾಡದ ದುಂಬಿ ಡಿಡಿಟಿ ಮತ್ತು ಬಿಎಚ್‌ಸಿ ಎರಡಕ್ಕೂ ಒಗ್ಗಿಹೋಗಿತ್ತು. ಈಗ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯ ಇಟ್ಟಿರುವ ಜಾಗತಿಕ ಪಟ್ಟಿಯಲ್ಲಿ ಇಂಥ 600ಕ್ಕೂ ಹೆಚ್ಚು ಜಾತಿಯ ಕೀಟ, ನುಸಿಗಳಿವೆ.

ಸಿರಸಿ, ಬನವಾಸಿ, ಮುಂಡಗೋಡ, ಹಳಿಯಾಳ ಕಡೆ ಭತ್ತ ತೆನೆ ಕಟ್ಟುವ ಹೊತ್ತಿಗೆ ಔಷಧಿ ಅಂಗಡಿಗಳ ಮುಂದೆ ಕೇಳುವ ಮಾತು ಒಂದೇ: ‘ಔಷಧಿ ನಾಟ್ತಾ ಇಲ್ಲ.’ ಅಂಗಡಿಯವರ ಉತ್ತರವೂ ಸಿದ್ಧ. ಇನ್ನೊಂದು ಡಬ್ಬಿ. ಈ ಮಾತು-ಉತ್ತರದ ನಡುವೆ ಒಂದು ಇಡೀ ವಿಜ್ಞಾನ ಬಿಟ್ಟುಹೋಗಿದೆ. ಹುಳು ನಿಜಕ್ಕೂ ಔಷಧಿಗೆ ಒಗ್ಗಿದೆಯಾ? ಯಾವ ಔಷಧಿಗೆ? ಎಷ್ಟರ ಮಟ್ಟಿಗೆ? ಅಳತೆ ಇಲ್ಲದೆ ಇದಕ್ಕೆ ಉತ್ತರ ಇಲ್ಲ. ಅಳತೆಗೆ ಸರಿಯಾದ ಸಮಯ ಔಷಧಿ ಸೋತ ಮೇಲಲ್ಲ, ಅದಕ್ಕಿಂತ ಮೊದಲು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಆದರೆ ಅದು ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಒಳಗೆ ಇಳಿಯಬೇಕು.

ಹುಳು ಕಲಿಯುವುದಿಲ್ಲ

ದಿನಾ ಸ್ವಲ್ಪ ವಿಷ ತಿಂದು ಹುಳು ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಒಂದು ಹುಳು ತನ್ನ ಜೀವಮಾನದಲ್ಲಿ ನಿರೋಧಕ ಶಕ್ತಿ ಗಳಿಸುವುದಿಲ್ಲ. ಆ ಶಕ್ತಿ ಕೆಲವೇ ಹುಳುಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಜೀನಿನಲ್ಲಿ ಆಕಸ್ಮಿಕವಾಗಿ ಆದ ಒಂದು ಸಣ್ಣ ಬದಲಾವಣೆ ಅದು. ಔಷಧಿ ಬರುವ ಮೊದಲೂ ಅದು ಇತ್ತು. ಆದರೆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಾರವಾರದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಅಳತೆಯ ಕಣ್ಣಿನ ಬಲೆಯನ್ನು ವರ್ಷಗಟ್ಟಲೆ ಬೀಸಿದರೆ ದೊಡ್ಡ ಮೀನೆಲ್ಲ ಸಿಕ್ಕಿಬೀಳುತ್ತವೆ. ಕಣ್ಣಿನಿಂದ ನುಸುಳುವ ಸಣ್ಣವು ಉಳಿದು ಮರಿ ಹಾಕುತ್ತವೆ. ಮುಂದೆ ಸಣ್ಣ ಮೈಯವೇ ಜಾಸ್ತಿಯಾಗುತ್ತವೆ. ಇಲ್ಲಿ ಬಲೆ ಯಾವ ಮೀನನ್ನೂ ಸಣ್ಣದು ಮಾಡಲಿಲ್ಲ, ಆರಿಸಿತು ಅಷ್ಟೇ. ಔಷಧಿ ಮಾಡುವುದೂ ಇದನ್ನೇ.

ಈಗ ಒಂದು ಲೆಕ್ಕ ಹಾಕೋಣ. ಭತ್ತದ ಕಂದು ಜಿಗಿಹುಳು ತೆಗೆದುಕೊಳ್ಳಿ. ಇಪ್ಪತ್ತು ಸೆಂಟಿಮೀಟರಿಗೆ ಹದಿನೈದು ಸೆಂಟಿಮೀಟರಿನಂತೆ ನಾಟಿ ಮಾಡಿದರೆ ಎಕರೆಗೆ ಸುಮಾರು 1.3 ಲಕ್ಷ ಬುಡ. ಬುಡಕ್ಕೆ ಹತ್ತು ಹುಳು ಅಂದರೆ ಎಕರೆಯಲ್ಲಿ 13 ಲಕ್ಷ ಜಿಗಿಹುಳು. ಪ್ರತಿ ಹುಳುವಿನಲ್ಲೂ ಒಂದೊಂದು ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯದ್ದೊಂದು, ತಂದೆಯದ್ದೊಂದು. ಔಷಧಿ ತಾಳುವ ‘ಗಟ್ಟಿ’ ಪ್ರತಿ, ಸಾವಿರ ಪ್ರತಿಗಳಲ್ಲಿ ಒಂದರಷ್ಟು ಇದೆ ಅಂತಿಟ್ಟುಕೊಳ್ಳಿ; ಉಳಿದವು ಔಷಧಿಗೆ ಸೋಲುವ ‘ಮೆತ್ತಗಿನ’ ಪ್ರತಿಗಳು. ಆಗ ಎರಡೂ ಪ್ರತಿ ಗಟ್ಟಿ ಇರುವ ಹುಳು ಹತ್ತು ಲಕ್ಷಕ್ಕೆ ಒಂದು. ಅಂದರೆ ಇಡೀ ಎಕರೆಯಲ್ಲಿ ಒಂದೋ ಎರಡೋ. ಆದರೆ ಒಂದು ಪ್ರತಿ ಗಟ್ಟಿ, ಒಂದು ಮೆತ್ತಗೆ ಇರುವ ಮಿಶ್ರ ಹುಳು? ಅವು ಸುಮಾರು 2,600.

ಆಟ ಇರುವುದು ಈ 2,600ರಲ್ಲಿ. ಪೂರ್ತಿ ಡೋಸಿನ ಔಷಧಿ ಬುಡಕ್ಕೆ ಸರಿಯಾಗಿ ಬಿದ್ದರೆ ಮಿಶ್ರ ಹುಳುಗಳೂ ಸಾಯುತ್ತವೆ ಅಂದುಕೊಳ್ಳಿ. ಉಳಿಯುವುದು ಆ ಒಂದೆರಡು ಮಾತ್ರ. ಪಕ್ಕದ ಗದ್ದೆಯಿಂದ ಹಾರಿ ಬರುವ ಮೆತ್ತಗಿನ ಹುಳುಗಳ ಜೊತೆ ಅವು ಕೂಡಿದರೆ ಮರಿಗಳೆಲ್ಲ ಮಿಶ್ರ. ಮುಂದಿನ ಸಲ ಅವೂ ಸಾಯುತ್ತವೆ. ಆದರೆ ಡೋಸು ಅರ್ಧವಾದರೆ, ಅಥವಾ ಔಷಧಿ ಗರಿಯ ತುದಿಗೆ ಬಿದ್ದು ಬುಡಕ್ಕೆ ಇಳಿಯದೆ ಹೋದರೆ, ಮೆತ್ತಗಿನವು ಸಾಯುತ್ತವೆ, ಮಿಶ್ರ ಹುಳುಗಳು ಉಳಿದುಬಿಡುತ್ತವೆ. ಅವು ತಮ್ಮತಮ್ಮಲ್ಲೇ ಕೂಡಿದರೆ ಮರಿಗಳಲ್ಲಿ ನಾಲ್ಕಕ್ಕೆ ಒಂದು ಪೂರ್ತಿ ಗಟ್ಟಿ. ಹತ್ತು ಲಕ್ಷಕ್ಕೆ ಒಂದಿದ್ದದ್ದು ಒಂದೇ ತಲೆಮಾರಿನಲ್ಲಿ ನಾಲ್ಕಕ್ಕೆ ಒಂದು! ಹೊರಗಿನಿಂದ ಮೆತ್ತಗಿನ ಹುಳು ಬಂದು ಬೆರೆಯದಿದ್ದರೆ ಆಗುವ ಲೆಕ್ಕ ಇದು. ಜಿಗಿಹುಳುವಿನ ತಲೆಮಾರು ತಿಂಗಳಿಗಿಂತ ಹೆಚ್ಚು ಉದ್ದ ಇಲ್ಲ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ.

ನಿಜವಾದ ಗದ್ದೆ ಇಷ್ಟು ಶುದ್ಧ ಲೆಕ್ಕದಲ್ಲಿ ನಡೆಯುವುದಿಲ್ಲ. ಎಷ್ಟೋ ನಿರೋಧಕ ಜೀನುಗಳಲ್ಲಿ ಒಂದೇ ಪ್ರತಿ ಇದ್ದರೂ ಹುಳು ಪೂರ್ತಿ ಡೋಸು ತಾಳುತ್ತದೆ. ಅಂಥ ಕಡೆ ಡೋಸು ಏರಿಸಿದರೆ ಬೆಳೆಗೆ ಉಪಕಾರಿಯಾದ ಹುಳುಗಳು ಸಾಯುತ್ತವೆ, ಬೇರೇನೂ ಆಗುವುದಿಲ್ಲ. ಹಾಗಾಗಿ ‘ಡೋಸು ಜಾಸ್ತಿ ಮಾಡಿ’ ಅನ್ನುವ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ. ಯಾವ ಜೀನು, ಅದರ ನಡತೆ ಹೇಗೆ ಅಂತ ಗೊತ್ತಿರಬೇಕು.

ಗಂಡು ಹುಳು ಹುಟ್ಟುವ ರೀತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಿಳಿ ನೊಣ, ಥ್ರಿಪ್ಸ್, ಅಡಕೆ-ತೆಂಗಿನ ಕೆಂಪು ನುಸಿ ಇವುಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅವಕ್ಕೆ ಜೀನಿನ ಒಂದೇ ಪ್ರತಿ. ಅಡಗಿ ಕೂರಲು ಜಾಗವೇ ಇಲ್ಲ. ಗಟ್ಟಿ ಪ್ರತಿ ಸಿಕ್ಕ ಗಂಡು ಮೊದಲ ಸಿಂಪಡಣೆಯಲ್ಲೇ ಉಳಿದು ಅದನ್ನು ಮುಂದಕ್ಕೆ ಸಾಗಿಸುತ್ತದೆ. ಈ ಜಾತಿಯ ಕೀಟಗಳು ಬೇಗ ಔಷಧಿಗೆ ಒಗ್ಗುವುದಕ್ಕೆ ಇದೊಂದು ಕಾರಣ. ಕರಾವಳಿಯ ತೆಂಗಿಗೆ ಬಂದ ಸುರುಳಿ ಬಿಳಿ ನೊಣಕ್ಕೆ ರಾಸಾಯನಿಕ ಹೊಡೆಯಬೇಡಿ, ಆ ನೊಣದ ಮೈಯಲ್ಲೇ ಬೆಳೆದು ಅದನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಪರತಂತ್ರ ಜೀವಿಯನ್ನು ಉಳಿಸಿಕೊಳ್ಳಿ ಅಂತ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. ಕೇಳಿದ ತೋಟಗಳು ಕಳೆದುಕೊಂಡದ್ದೇನೂ ಇಲ್ಲ.

ವಿಷ ಎಲ್ಲಿ ಸೋಲುತ್ತದೆ

ಹುಳುವಿನ ಮೈಯೊಳಗೆ ವಿಷ ಸೋಲುವ ದಾರಿ ಮುಖ್ಯವಾಗಿ ಎರಡು. ಒಂದು, ವಿಷ ಹೋಗಿ ಕೂರಬೇಕಾದ ಜಾಗವೇ ಬದಲಾಗಿರುತ್ತದೆ. ಇನ್ನೊಂದು, ವಿಷ ಅಲ್ಲಿಗೆ ತಲುಪುವ ಮೊದಲೇ ಹುಳುವಿನ ಕಿಣ್ವಗಳು ಅದನ್ನು ಒಡೆದು ಹಾಕುತ್ತವೆ. ಚರ್ಮ ದಪ್ಪಗಾಗುವುದು, ವಿಷ ಬಿದ್ದ ಎಲೆಯಿಂದ ದೂರ ಸರಿಯುವುದು ಇವೂ ಇವೆ, ಆದರೆ ಅವುಗಳ ಪಾತ್ರ ಕಡಿಮೆ.

ಮೊದಲನೆಯದಕ್ಕೆ ಹೆಸರಾದ ಉದಾಹರಣೆ ಕೆಡಿಆರ್ ಎಂಬ ಜೀನು ಬದಲಾವಣೆ. ಡಿಡಿಟಿ ಮತ್ತು ಪೈರಿಥ್ರಾಯ್ಡ್ ಔಷಧಿಗಳು ಕೀಟದ ನರದಲ್ಲಿರುವ ಸೋಡಿಯಂ ನಾಳಕ್ಕೆ ಅಂಟಿಕೊಂಡು ಅದನ್ನು ಮುಚ್ಚಲು ಬಿಡುವುದಿಲ್ಲ. ಆ ನಾಳದ ಪ್ರೋಟೀನಿನ 1014ನೇ ಜಾಗದಲ್ಲಿ ಲ್ಯೂಸಿನ್ ಇರಬೇಕು. ಅದರ ಬದಲು ಫಿನೈಲ್‌ಅಲನಿನ್ ಬಂದರೆ ಔಷಧಿ ಸರಿಯಾಗಿ ಕೂರುವುದಿಲ್ಲ. ಬದಲಾದದ್ದು ಒಂದೇ ಒಂದು ಅಮೈನೋ ಆಮ್ಲ. ಆದರೆ ಡಿಡಿಟಿಗೂ ಪೈರಿಥ್ರಾಯ್ಡ್ ಗುಂಪಿನ ಸೈಪರ್‌ಮೆಥ್ರಿನ್‌ಗೂ ಹೋಗಿ ಕೂರುವ ಜಾಗ ಒಂದೇ ಆದ್ದರಿಂದ, ಹಳೆಯ ಔಷಧಿಗೆ ಉಳಿದ ಹುಳು ಹೊಸದನ್ನು ನೋಡದೆಯೇ ಅದಕ್ಕೂ ಸಿದ್ಧವಾಗಿರುತ್ತದೆ.

ಇಂಥದ್ದೇ ಇನ್ನೊಂದು ಜೋಡಿ ನಮ್ಮ ಕರಾವಳಿಗೆ ಹತ್ತಿರದ್ದು. ಎಂಡೋಸಲ್ಫಾನ್ ಅಂದರೆ ಗೇರು ತೋಟ, ಅದರ ಸುತ್ತಲಿನ ಮನೆಗಳ ನೋವು ನೆನಪಾಗುತ್ತದೆ. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಎಂಡೋಸಲ್ಫಾನ್ ನರದಲ್ಲಿ ಸಂದೇಶ ಹಿಡಿಯುವ ಗಾಬಾ ಗ್ರಾಹಕ ಎಂಬ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಿತ್ತು. ಈಗ ಭತ್ತಕ್ಕೆ ಬಳಸುವ ಫಿಪ್ರೋನಿಲ್ ಕೂಡ ಅದೇ ಗ್ರಾಹಕದ ಮೇಲೆ. ಆ ಗ್ರಾಹಕದ ಆರ್‌ಡಿಎಲ್ ಎಂಬ ಜೀನಿನಲ್ಲಿ ಒಂದು ಅಲನಿನ್ ಹೋಗಿ ಸೆರಿನ್ ಬಂದರೆ ಆ ಹಳೆಯ ಗುಂಪಿನ ವಿಷಗಳು ಬಹಳಷ್ಟು ಸೋಲುತ್ತವೆ, ಫಿಪ್ರೋನಿಲ್‌ನ ಬಲವೂ ಕುಗ್ಗಬಹುದು. ನಿಷೇಧಿಸಿದ ಔಷಧಿ ಅಂಗಡಿಯಿಂದ ಹೋಗುತ್ತದೆ. ಅದು ಆರಿಸಿಟ್ಟ ಜೀನು ಗದ್ದೆಯಲ್ಲೇ ಉಳಿದಿರಬಹುದು.

ಎರಡನೆಯ ದಾರಿಯಲ್ಲಿ ಹುಳು ತನ್ನಲ್ಲಿದ್ದ ಕಿಣ್ವವನ್ನೇ ಹೆಚ್ಚು ಮಾಡಿಕೊಳ್ಳುತ್ತದೆ. ಹಸಿರು ಪೀಚ್ ಹೇನಿನಲ್ಲಿ ಎಸ್ಟರೇಸ್ ಕಿಣ್ವದ ಜೀನು ನಕಲಾಗಿ ನಕಲಾಗಿ ಎಂಬತ್ತರವರೆಗೂ ಪ್ರತಿಗಳಾದದ್ದು ಕಂಡುಬಂದಿದೆ. ಅಷ್ಟು ಕಿಣ್ವ ಮೈತುಂಬ ಇದ್ದರೆ ವಿಷ ನರ ಮುಟ್ಟುವ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ನಮ್ಮ ಕಂದು ಜಿಗಿಹುಳು. ಇದರ ಕಥೆ ಪತ್ತೇದಾರಿ ಕಥೆಗೆ ಕಮ್ಮಿ ಇಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬಂದಾಗ ಭತ್ತದ ರೈತರಿಗೆ ದೇವರೇ ಬಂದಂತಾಗಿತ್ತು. 2003ರ ಹೊತ್ತಿಗೆ ಥಾಯ್ಲೆಂಡ್‌ನಲ್ಲಿ ಅದು ಸೋಲತೊಡಗಿತು. ಆಮೇಲೆ ಏಷ್ಯಾದ ಬೇರೆ ದೇಶಗಳಲ್ಲೂ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಜಿಗಿಹುಳುವಿಗೆ ತಲೆಮಾರುಗಟ್ಟಲೆ ಇದೇ ಔಷಧಿ ಕೊಟ್ಟು ಒಂದು ಗಟ್ಟಿ ತಳಿ ಎಬ್ಬಿಸಿದರು. 2005ರಲ್ಲಿ ಕಾರಣವೂ ಸಿಕ್ಕಿತು. ನರದ ಗ್ರಾಹಕದಲ್ಲಿ 151ನೇ ಜಾಗದ ಟೈರೋಸಿನ್ ಹೋಗಿ ಸೆರಿನ್ ಬಂದಿತ್ತು. ಸರಿ, ಇನ್ನೇನು, ಗದ್ದೆಯ ಹುಳುಗಳಲ್ಲಿ ಇದನ್ನೇ ಹುಡುಕಿದರಾಯ್ತು ಅಂದುಕೊಂಡರು. ಹುಡುಕಿದರು. ಗದ್ದೆಯ ಹುಳುಗಳು ಇಮಿಡಾಕ್ಲೋಪ್ರಿಡ್ ಕುಡಿದು ಆರಾಮಾಗಿದ್ದವು, ಆದರೆ ಅವುಗಳಲ್ಲಿ ಆ ಬದಲಾವಣೆ ಇರಲಿಲ್ಲ!

ಗದ್ದೆಯ ಹುಳುಗಳ ಗುಟ್ಟು ಬೇರೆಯೇ ಇತ್ತು. ವಿಷ ಒಡೆಯುವ ಪಿ450 ಎಂಬ ಕಿಣ್ವಗಳ ಗುಂಪಿನ ಸಿವೈಪಿ6ಇಆರ್1 ಎಂಬ ಜೀನು ಅವುಗಳಲ್ಲಿ ಬಹಳ ಜೋರಾಗಿ ಕೆಲಸ ಮಾಡುತ್ತಿತ್ತು. 2018ರಲ್ಲಿ ಇನ್ನೂ ಸೂಕ್ಷ್ಮ ಸಂಗತಿ ಹೊರಬಂತು. ಆ ಜೀನು ಎರಡಾಗಿತ್ತು. ಒಂದು ಪ್ರತಿ ತನ್ನ ಹಳೆಯ ಕೆಲಸ ಮಾಡಿಕೊಂಡು ಹೋಗುತ್ತಿತ್ತು. ಇನ್ನೊಂದು ಪ್ರತಿ ಅಲ್ಲಲ್ಲಿ ಬದಲಾಗಿ ಇಮಿಡಾಕ್ಲೋಪ್ರಿಡ್ ಒಡೆಯುವ ಹೊಸ ಕೆಲಸ ಕಲಿತಿತ್ತು. ಹಳೆಯ ಕೆಲಸಕ್ಕೆ ಧಕ್ಕೆ ಬಾರದಂತೆ ಹೊಸ ಕೆಲಸಕ್ಕೆ ಇನ್ನೊಂದು ಜೀನು. ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಯಾವ ಕಂಪನಿಯೂ ಮಾಡಲಾರದು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಈಗ ಎಲ್ಲದಕ್ಕೂ ಜೀನು ಓದುವ ಪಿಸಿಆರ್ ಪರೀಕ್ಷೆ ಸಾಕು ಅನ್ನುವ ಉತ್ಸಾಹ ಜೋರಾಗಿದೆ. ಪಿಸಿಆರ್ ಒಳ್ಳೆಯದೇ. ಮದ್ಯಸಾರದಲ್ಲಿ ಹಾಕಿಟ್ಟ ಸತ್ತ ಹುಳುವನ್ನೂ ಅದು ಓದುತ್ತದೆ. ಹುಳು ಸಾಯದೆ ಉಳಿಯತೊಡಗುವ ಮೊದಲೇ, ಮಿಶ್ರ ಹುಳುಗಳ ಹಂತದಲ್ಲೇ ಎಚ್ಚರಿಸಬಲ್ಲದು. ಆದರೆ ನಾವು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಆ 151ನೇ ಜಾಗವನ್ನು ಮಾತ್ರ ನೋಡಿದ್ದರೆ ಇಡೀ ಏಷ್ಯಾದ ಜಿಗಿಹುಳು ‘ಮೆತ್ತಗಿದೆ’ ಅಂತ ವರದಿ ಬರುತ್ತಿತ್ತು. ಜೀವಂತ ಹುಳುವಿಗೆ ಔಷಧಿ ಕೊಟ್ಟು ನೋಡುವ ಹಳೆಯ ಪದ್ಧತಿಯನ್ನು ಬಿಡುವಂತಿಲ್ಲ.

ಅಳೆಯುವುದು ಹೇಗೆ

ಆ ಹಳೆಯ ಪದ್ಧತಿ ನೋಡಲು ಸರಳ. ಔಷಧಿ ಬೀಳದ ಭತ್ತದ ಕಾಂಡ ತಂದು, ಬೇರೆಬೇರೆ ಸಾಂದ್ರತೆಯ ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿ, ಆರಿಸಿ, ಗಾಜಿನ ನಳಿಗೆಯಲ್ಲಿ ಇಡುತ್ತಾರೆ. ಪ್ರತಿ ನಳಿಗೆಗೂ ಒಂದೇ ವಯಸ್ಸಿನ ಹದಿನೈದು-ಇಪ್ಪತ್ತು ಮರಿಹುಳು. ಔಷಧಿಯ ಸ್ವಭಾವ ನೋಡಿಕೊಂಡು 2ರಿಂದ 4 ದಿನದ ಮೇಲೆ ಸತ್ತವನ್ನು ಎಣಿಸುತ್ತಾರೆ. ಬರಿ ನೀರಿನಲ್ಲಿ ಅದ್ದಿದ ಕಾಂಡದಲ್ಲೂ ಕೆಲವು ಸಾಯುತ್ತವೆ. ಅದನ್ನು ಕಳೆಯುವ ಸೂತ್ರ 1925ರಲ್ಲಿ ಅಬಟ್ ಕೊಟ್ಟದ್ದು, ಇಂದಿಗೂ ಅದೇ. ನೀರಿನಲ್ಲೇ ನೂರಕ್ಕೆ 20ಕ್ಕಿಂತ ಜಾಸ್ತಿ ಸತ್ತರೆ ಆ ಪರೀಕ್ಷೆಯನ್ನೇ ಬಿಸಾಡಬೇಕು. ಹುಳು ದಾರಿಯಲ್ಲೇ ಸೊರಗಿತ್ತು ಅಂತ ಅರ್ಥ.

ಕೊನೆಗೆ ಸಿಗುವ ಸಂಖ್ಯೆಗೆ ಎಲ್‌ಸಿ50 ಅನ್ನುತ್ತಾರೆ, ಅರ್ಧ ಹುಳುಗಳನ್ನು ಕೊಲ್ಲುವ ಸಾಂದ್ರತೆ. ಈ ಸಂಖ್ಯೆ ಒಂದೇ ಇದ್ದರೆ ಏನೂ ತಿಳಿಯುವುದಿಲ್ಲ. ಔಷಧಿ ಕಾಣದ ಮೆತ್ತಗಿನ ಹುಳುವಿನ ಎಲ್‌ಸಿ50 ಬೇಕು. ಇದನ್ನು ಅದರಿಂದ ಭಾಗಿಸಿದರೆ ನಮ್ಮ ಹುಳು ಎಷ್ಟು ಪಟ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಆ ಭಾಗಿಸುವ ಸಂಖ್ಯೆಯೇ ಬುನಾದಿ. ಬುನಾದಿ ಅಳೆಯಲು ಮೆತ್ತಗಿನ ಹುಳು ಬೇಕು. ಎಲ್ಲ ಕಡೆ ಔಷಧಿ ಬಿದ್ದಮೇಲೆ ಅಂಥ ಹುಳುವನ್ನು ಎಲ್ಲಿಂದ ತರುವುದು? ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಹಲವು ಕೀಟಗಳನ್ನು ತಲೆಮಾರುಗಟ್ಟಲೆ ಸಾಕಿ ಇಟ್ಟಿರುತ್ತಾರೆ. ಅದು ಉಪಯೋಗಕ್ಕೆ ಬರುತ್ತದೆ. ಆದರೆ ಪ್ರಯೋಗಾಲಯದ ಹುಳುವಿಗಿಂತ ಇದೇ ಮಣ್ಣು, ಇದೇ ಹವೆಯ ಮೆತ್ತಗಿನ ಹುಳು ಸಿಕ್ಕರೆ ಹೋಲಿಕೆ ಇನ್ನೂ ನೇರ.

ಇಲ್ಲೇ ನನಗೆ ನಮ್ಮ ಜಿಲ್ಲೆಯ ಬಗ್ಗೆ ಆಸೆ ಹುಟ್ಟುವುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕರ್ನಾಟಕದ ಬೇರೆಬೇರೆ ಭತ್ತದ ಸೀಮೆಗಳ ಕಂದು ಜಿಗಿಹುಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರು. ಗಂಗಾವತಿಯ ಹುಳುಗಳು ಹಳೆಯ ಔಷಧಿಗಳಲ್ಲಿ ಕೆಲವಕ್ಕೆ ಗಟ್ಟಿಯಾಗಿದ್ದವು. ಸೊರಬದ ಹುಳುಗಳು ಒಟ್ಟಿನಲ್ಲಿ ಮೆತ್ತಗಿದ್ದವು. ಆಶ್ಚರ್ಯ ಏನಿಲ್ಲ. ತುಂಗಭದ್ರಾ ಕಾಲುವೆಯ ಕೆಳಗೆ ವರ್ಷಕ್ಕೆ ಎರಡು ಬೆಳೆ, ಕಣ್ಣು ಹಾಯುವಷ್ಟು ಒಂದೇ ಭತ್ತ, ಸಿಂಪಡಣೆಯೂ ಜೋರು. ಸೊರಬದಲ್ಲಿ ಮಳೆಗಾಲದ ಬೆಳೆ, ನಡುನಡುವೆ ತೋಟ, ಕಾಡು. ಸೊರಬ ಅಂದರೆ ಬನವಾಸಿಯ ಪಕ್ಕದ ಊರು. ವರದಾ ಹೊಳೆಯ ಆಚೀಚೆ ಹುಳುಗಳಿಗೆ ತಾಲೂಕಿನ ಗಡಿ ಗೊತ್ತಿಲ್ಲ ಅಲ್ವಾ?

ಕರಾವಳಿಗೆ ಇಳಿದರೆ ಇನ್ನೂ ಒಳ್ಳೆಯ ಜಾಗ ಇದೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು. ಮಾಣಿಕಟ್ಟಾ ಕಡೆ ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ, ಆಮೇಲೆ ಅಲ್ಲೇ ಸೀಗಡಿ, ಮೀನು. ಕಗ್ಗಕ್ಕೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಔಷಧಿ ಹೊಡೆದರೆ ಸೀಗಡಿಯ ಗತಿ ಏನು? ಹೀಗಾಗಿ ಯಾರೂ ಹೇಳದೆಯೇ ಅದು ಸಿಂಪಡಣೆ ಇಲ್ಲದ ಭತ್ತದ ಗದ್ದೆಯಾಗಿ ಉಳಿದಿದೆ. ಅಲ್ಲಿ ಕಾಂಡ ಕೊರಕವೋ ಜಿಗಿಹುಳುವೋ ಸಿಕ್ಕರೆ, ಅದು ರಾಜ್ಯದ ಅತಿ ಮೆತ್ತಗಿನ ಹುಳುಗಳಲ್ಲಿ ಒಂದಾಗಿರಬಹುದು ಅಂತ ನನ್ನ ಊಹೆ. ಕಗ್ಗವನ್ನು ತಳಿ ಅಂತ, ಪರಂಪರೆ ಅಂತ ಹೊಗಳುವವರು ಬಹಳ. ಬುನಾದಿ ಅಳೆಯಲು ಅಲ್ಲಿಗೆ ನಳಿಗೆ ಹಿಡಿದು ಹೋಗುವುದು ನನ್ನ ಪ್ರಕಾರ ಅಷ್ಟೇ ಮುಖ್ಯದ ಕೆಲಸ.

ಬುನಾದಿ ಸಿಕ್ಕಮೇಲೆ ಪ್ರತಿ ವರ್ಷ ಇಡೀ ಎಲ್‌ಸಿ50 ತೆಗೆಯಬೇಕಾಗಿಲ್ಲ. ಮೆತ್ತಗಿನ ಹುಳುಗಳನ್ನೆಲ್ಲ ಕೊಲ್ಲುವ ಒಂದು ಸಾಂದ್ರತೆ ಗೊತ್ತುಮಾಡಿಕೊಂಡು, ಅದೊಂದರಲ್ಲೇ ಪರೀಕ್ಷಿಸಿದರೆ ಸಾಕು. ಬದುಕಿದ್ದು ಅನುಮಾನದ ಹುಳು. ಪಿಪೆರೊನಿಲ್ ಬ್ಯೂಟಾಕ್ಸೈಡ್ ಎಂಬ ಪಿ450 ತಡೆಯುವ ವಸ್ತುವನ್ನು ಜೊತೆಗೆ ಕೊಟ್ಟು ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ಅದರ ಜೊತೆ ಕೊಟ್ಟಾಗ ಹುಳು ಸತ್ತರೆ ತಪ್ಪು ಕಿಣ್ವದ್ದು, ಆಗಲೂ ಬದುಕಿದರೆ ನರದ ಜಾಗವೇ ಬದಲಾಗಿರಬಹುದು.

ಆದರೆ ಎಷ್ಟು ಹುಳು ನೋಡಬೇಕು ಅನ್ನುವುದರಲ್ಲಿ ಮೋಸ ಹೋಗುವುದು ಸುಲಭ. ನೂರು ಹುಳು ಪರೀಕ್ಷಿಸಿದಿರಿ, ಒಂದೂ ಬದುಕಲಿಲ್ಲ. ಖುಷಿ. ಆದರೆ ಸಂಖ್ಯಾಶಾಸ್ತ್ರ ಹೇಳುವುದು ಇಷ್ಟೇ: ಗಟ್ಟಿ ಹುಳು ನೂರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ ಅಂತ ನೂರಕ್ಕೆ 95ರಷ್ಟು ಭರವಸೆ. ಸಾವಿರಕ್ಕೆ ಒಂದು ಗಟ್ಟಿ ಹುಳು ಇದ್ದರೆ ಅದನ್ನು ಅದೇ ಭರವಸೆಯಲ್ಲಿ ಹಿಡಿಯಲು ಸುಮಾರು 3,000 ಹುಳು ಬೇಕು. ಗದ್ದೆಯಲ್ಲಿ ರೈತನ ಕಣ್ಣಿಗೆ ‘ನಾಟ್ತಾ ಇಲ್ಲ’ ಅಂತ ಕಾಣುವ ಹೊತ್ತಿಗೆ ಗಟ್ಟಿ ಹುಳು ನೂರಕ್ಕೆ ಹತ್ತನ್ನೂ ದಾಟಿರುತ್ತದೆ. ಆಗ ಅಳೆದರೆ ಸಿಗುವುದು ಮರಣೋತ್ತರ ವರದಿ.

ಎಲ್ಲ ಸೋಲೂ ಅದೇ ಅಲ್ಲ

ಒಂದು ಎಚ್ಚರಿಕೆ. ಔಷಧಿ ಸೋತ ಕೂಡಲೇ ನಿರೋಧಕ ಶಕ್ತಿ ಅನ್ನುವುದೂ ತಪ್ಪು. ಜಿಗಿಹುಳು ಇರುವುದು ನೀರಿಗಿಂತ ಸ್ವಲ್ಪ ಮೇಲೆ, ಬುಡದಲ್ಲಿ. ದಟ್ಟ ಪೈರಿನ ಮೇಲೆ ಗಾಳಿಗೆ ಹಾರಿಸಿದ ಔಷಧಿ ಅಲ್ಲಿಗೆ ತಲುಪುವುದಿಲ್ಲ. ಹೊಡೆದ ಒಂದು ತಾಸಿಗೆ ಮಳೆ ಬಂದರೆ? ನಮ್ಮ ಕಡೆ ಅದು ಹೊಸದಲ್ಲ. ಡಬ್ಬಿಯ ಔಷಧಿಯೇ ಕಳಪೆ ಇರಬಹುದು. ಇನ್ನು ಪೈರಿಥ್ರಾಯ್ಡ್ ಹೊಡೆದರೆ ಜೇಡ, ಮಿರಿಡ್ ತಿಗಣೆಗಳು ಮೊದಲು ಸಾಯುತ್ತವೆ. ಇವು ಜಿಗಿಹುಳುವನ್ನೂ ಅದರ ಮೊಟ್ಟೆಯನ್ನೂ ತಿನ್ನುವವು. ಎರಡು ವಾರದಲ್ಲಿ ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗುತ್ತದೆ. ರೈತ ಅದನ್ನು ಔಷಧಿಗೆ ಬಗ್ಗದ ಹುಳು ಅಂದುಕೊಳ್ಳುತ್ತಾನೆ. ನಿಜಕ್ಕೆ ಕಾವಲು ಸತ್ತಿದ್ದು. ಎಂಟ್ಹತ್ತು ಸಾಲಿಗೊಮ್ಮೆ ಒಂದು ಅಡಿ ಜಾಗ ಬಿಟ್ಟು ನಾಟಿ ಮಾಡುವ ಹಳೆಯ ಸಲಹೆಗೆ ಎರಡು ಲಾಭ: ಗಾಳಿ ಬೆಳಕು ಹೋಗುತ್ತದೆ, ಔಷಧಿ ಬೇಕಾದಾಗ ಬುಡಕ್ಕೆ ಹೊಡೆಯಲೂ ಆಗುತ್ತದೆ.

ಡಬ್ಬಿ ಬದಲಾದರೆ ಸಾಲದು

‘ಔಷಧಿ ಬದಲಿಸಿ ಬದಲಿಸಿ ಹೊಡೆಯಿರಿ’ ಅನ್ನುವ ಸಲಹೆ ಎಲ್ಲರಿಗೂ ಬಾಯಿಪಾಠ. ಬದಲಿಸುವುದು ಏನನ್ನು? ಕಾನ್ಫಿಡಾರ್ ಬಿಟ್ಟು ಆಕ್ಟಾರಾ ತಂದರೆ ಹೆಸರು ಬದಲಾಯಿತು, ಕಂಪನಿ ಬದಲಾಯಿತು, ಒಳಗಿನ ರಾಸಾಯನಿಕವೂ ಬದಲಾಯಿತು. ಆದರೆ ಕಾನ್ಫಿಡಾರ್‌ನ ಇಮಿಡಾಕ್ಲೋಪ್ರಿಡ್, ಆಕ್ಟಾರಾದ ಥಯಾಮೆಥಾಕ್ಸಾಮ್ ಎರಡೂ ಕೆಲಸ ಮಾಡುವುದು ನರದ ಒಂದೇ ಜಾಗದಲ್ಲಿ. 1984ರಲ್ಲಿ ಶುರುವಾದ ಐರ್ಯಾಕ್ ಎಂಬ ಅಂತರರಾಷ್ಟ್ರೀಯ ಸಮಿತಿ ಕೀಟನಾಶಕಗಳಿಗೆ ಕೆಲಸದ ರೀತಿ ನೋಡಿ ಗುಂಪು ಸಂಖ್ಯೆ ಕೊಟ್ಟಿದೆ. ಇವೆರಡೂ 4ಎ. ಕೊರಾಜೆನ್, ಫೇಮ್ ಎರಡೂ 28. ಪೈರಿಥ್ರಾಯ್ಡ್ 3ಎ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ಅದು ಎಷ್ಟು ವಿಷಕಾರಿ ಅಂತ. ಹುಳುವಿನ ಯಾವ ಜಾಗಕ್ಕೆ ಹೊಡೆಯುತ್ತದೆ ಅಂತ ಅಲ್ಲ. ಬಿಲ್ಲಿನಲ್ಲಿ ಔಷಧಿಯ ಹೆಸರಿನ ಪಕ್ಕ ಈ ಗುಂಪಿನ ಸಂಖ್ಯೆ ಬರೆದುಕೊಟ್ಟರೆ ಅಂಗಡಿಯವರಿಗೆ ಖರ್ಚೇನೂ ಇಲ್ಲ. ನಮ್ಮ ಸೊಸೈಟಿಗಳಾದರೂ ಇದನ್ನು ಶುರುಮಾಡಬಹುದು.

ಬದಲಾವಣೆಯ ಅಳತೆಗೋಲು ಸಿಂಪಡಣೆಯಲ್ಲ, ಹುಳುವಿನ ತಲೆಮಾರು. ಹತ್ತು ದಿನಕ್ಕೊಂದು ಗುಂಪು ಬದಲಿಸಿದರೆ ಒಂದೇ ತಲೆಮಾರು ಎಲ್ಲ ಗುಂಪನ್ನೂ ನೋಡಿದ ಹಾಗಾಯಿತು. ಒಂದು ತಲೆಮಾರಿಗೆ ಒಂದು ಗುಂಪು, ಮುಂದಿನದಕ್ಕೆ ಬೇರೆ. ಎರಡು-ಮೂರು ಔಷಧಿ ಸೇರಿಸಿ ಕಲಸಿ ಹೊಡೆಯುವ ಚಾಳಿ ಇದಕ್ಕಿಂತ ಕೆಟ್ಟದ್ದು.

ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿನಲ್ಲಿ ಇದು ಇನ್ನೂ ಜರೂರು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ, 2018ರ ಮೇನಲ್ಲಿ. ಅಮೆರಿಕ ಖಂಡದಿಂದ ಆಫ್ರಿಕಾಕ್ಕೆ, ಅಲ್ಲಿಂದ ಇಲ್ಲಿಗೆ ಬಂದ ಈ ಹುಳು ಬರಿಗೈಲಿ ಬರಲಿಲ್ಲ. ಹೊಸ ಖಂಡಗಳಿಗೆ ಹಬ್ಬಿದ ಇದರ ಸಂತತಿಗಳಲ್ಲಿ ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಎಂಬ ಹಳೆಯ ಕೀಟನಾಶಕ ಗುಂಪುಗಳನ್ನು ತಾಳುವ ಜೀನು ಬದಲಾವಣೆಗಳು ಮೊದಲೇ ಇದ್ದವು. ಸದ್ಯ ಶಿಫಾರಸಿನಲ್ಲಿರುವ ಎಮಾಮೆಕ್ಟಿನ್, ಸ್ಪಿನೆಟೊರಾಮ್, ಕ್ಲೋರಾಂಟ್ರಾನಿಲಿಪ್ರೋಲ್ ಮೂರೂ ಬೇರೆಬೇರೆ ಗುಂಪಿನವು. ಸರದಿ ತಪ್ಪದೆ ಬಳಸಿದರೆ ಹೆಚ್ಚು ದಿನ ಬಾಳಿಯಾವು. ಆದರೆ ಇದರ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಹಾವೇರಿಯ ಹೊಲದಲ್ಲಿ ಗಟ್ಟಿಯಾದದ್ದು ಮುಂಡಗೋಡಕ್ಕೆ ಬರಲು ಒಂದು ರಾತ್ರಿ ಸಾಕು. ಒಬ್ಬ ರೈತ ಎಷ್ಟೇ ಶಿಸ್ತು ಪಾಲಿಸಲಿ, ಇದು ಒಬ್ಬರ ಬೇಲಿಯೊಳಗಿನ ವಿಷಯ ಅಲ್ಲವೇ ಅಲ್ಲ.

ಕಾಯಿಕೊರಕ ಕೊಲ್ಲುವ ಜೀನು ಸೇರಿಸಿದ ಬಿಟಿ ಹತ್ತಿಯಲ್ಲಿ ನಾವು ಈ ಒಟ್ಟಿನ ಶಿಸ್ತನ್ನೇ ಕಳೆದುಕೊಂಡೆವು. 2002ರಲ್ಲಿ ಬಂದ ಬಿಟಿ ಹತ್ತಿಯ ಪೊಟ್ಟಣದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಬರುತ್ತಿತ್ತು. ಅದನ್ನು ಸುತ್ತ ಬಿತ್ತಿದರೆ ಮೆತ್ತಗಿನ ಕಾಯಿಕೊರಕ ಅಲ್ಲಿ ಹುಟ್ಟಿ, ಬಿಟಿಯಲ್ಲಿ ಉಳಿದ ಗಟ್ಟಿ ಹುಳುವಿನ ಜೊತೆ ಕೂಡಬೇಕು ಅನ್ನುವುದು ಲೆಕ್ಕ. ಬಹಳಷ್ಟು ಜನ ಆ ಸಣ್ಣ ಪೊಟ್ಟಣ ಬಿತ್ತಲೇ ಇಲ್ಲ. ಹುಳು ಸಾಕಲು ಯಾರಿಗೆ ಮನಸ್ಸು ಬರುತ್ತದೆ? ಗುಜರಾತಿನ ಅಮ್ರೇಲಿಯಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಜೀನಿಗೆ ಒಗ್ಗಿದ್ದು 2009–10ರ ಸುಮಾರಿಗೆ ಗೊತ್ತಾಯಿತು. ಎರಡು ಜೀನಿನ ಹತ್ತಿಯೂ ಆಮೇಲೆ ಸೋತಿತು.

ಮಲೆನಾಡಿನಲ್ಲಿ ಅಂಥ ಆಸರೆಯ ಜಾಗ ಪೊಟ್ಟಣದಲ್ಲಿ ಬರಬೇಕಾಗಿರಲಿಲ್ಲ. ತುಂಡು ತುಂಡು ಗದ್ದೆ, ಔಷಧಿ ಹೊಡೆಯದ ನೆರೆಯವನು, ಮನೆ ಖರ್ಚಿನ ಹಳೆಯ ಭತ್ತ, ಎಲ್ಲ ತಾನಾಗೇ ಇದ್ದವು. ಈಗ ಗದ್ದೆ ಹೋಗಿ ಅಡಕೆ ತೋಟ ಆಗುತ್ತಿದೆ. ಭತ್ತ ಉಳಿದಿರುವುದು ಹೆಚ್ಚಾಗಿ ಮಾರಾಟಕ್ಕೆ ಬೆಳೆಯುವವರ ಕೈಯಲ್ಲಿ, ಸಿಂಪಡಣೆ ಜಾಸ್ತಿ ಇರುವ ಕಡೆ. ಒಟ್ಟು ಔಷಧಿಯ ಪ್ರಮಾಣ ಏರದಿದ್ದರೂ ಉಳಿದ ಹುಳುಗಳಲ್ಲಿ ಔಷಧಿ ಕಂಡವುಗಳ ಪಾಲು ಏರುತ್ತದೆ. ಈ ಬದಲಾವಣೆಯನ್ನು ಭೂಬಳಕೆಯ ಪಟ್ಟಿಯಲ್ಲಿ ನೋಡುವವರಿದ್ದಾರೆ, ಜಿಗಿಹುಳುವಿನ ಕಣ್ಣಿಂದ ನೋಡಿದವರು ಕಡಿಮೆ.

ನಡುವೆ ಒಂದು ಮಾತು. ಅಡಕೆ ಬೆಳೆಗಾರರು ಇಷ್ಟು ಹೊತ್ತಿಗೆ ಕೇಳಿರುತ್ತಾರೆ: ನಾವು ಅಜ್ಜನ ಕಾಲದಿಂದ ಕೊಳೆಗೆ ಬೋರ್ಡೋ ಹೊಡೀತಾ ಇದ್ದೇವೆ, ಅದು ಯಾಕೆ ಸೋತಿಲ್ಲ? ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಕೊಳೆರೋಗದ ಮೇಲೆ ಕೆಲಸ ಮಾಡಿದವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಈಗಲೂ ನಡೆಯುತ್ತಿದೆ. ತಾಮ್ರ ರೋಗಾಣುವಿನ ಒಂದೇ ಜಾಗಕ್ಕೆ ಹೊಡೆಯುವುದಿಲ್ಲ, ಒಮ್ಮೆಗೇ ಹತ್ತಾರು ಕಡೆ ಕೆಡಿಸುತ್ತದೆ. ಅಷ್ಟೂ ಜಾಗ ಒಟ್ಟಿಗೆ ಬದಲಾಗುವುದು ಕಷ್ಟ. ಅದೇ ಕುಲದ, ಆಲೂಗಡ್ಡೆಯ ಅಂಗಮಾರಿ ರೋಗಾಣು ಒಂದೇ ಜಾಗಕ್ಕೆ ಹೊಡೆಯುವ ಮೆಟಲಾಕ್ಸಿಲ್‌ಗೆ 1980ರ ಹೊತ್ತಿಗೇ, ಅಂದರೆ ಔಷಧಿ ಬಂದ ಕೆಲವೇ ವರ್ಷಗಳಲ್ಲಿ, ಯುರೋಪಿನಲ್ಲಿ ಒಗ್ಗಿಹೋಗಿತ್ತು. ಹಾಗಂತ ತಾಮ್ರ ಪುಣ್ಯದ ವಸ್ತು ಅಲ್ಲ, ಮಣ್ಣಿನಲ್ಲಿ ಉಳಿಯುತ್ತದೆ. ಆ ಲೆಕ್ಕ ಬೇರೆ.

ಏನು ಮಾಡಬಹುದು

ದೊಡ್ಡ ಪ್ರಯೋಗಾಲಯ ಬರಲಿ ಅಂತ ಕಾಯಬೇಕಾಗಿಲ್ಲ. ಸಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೆ. ಕಾಂಡ ಅದ್ದುವ ಪರೀಕ್ಷೆಗೆ ಬೇಕಾದ್ದು ನಳಿಗೆ, ತಕ್ಕಡಿ, ತಂಪಾದ ಒಂದು ಕೋಣೆ, ಎಣಿಸುವ ತಾಳ್ಮೆ. ಕಷ್ಟ ಇರುವುದು ಹುಳು ಸಾಕುವುದರಲ್ಲಿ. ಗದ್ದೆಯಿಂದ ತಂದದ್ದನ್ನು ಒಂದು ತಲೆಮಾರು ಬೆಳೆಸಿ, ಒಂದೇ ವಯಸ್ಸಿನ ಮರಿ ತೆಗೆಯಬೇಕು. ಅದಕ್ಕೆ ಒಬ್ಬರು ಪೂರ್ತಿ ಹೊತ್ತು ಬೇಕು. ಬನವಾಸಿ, ಮುಂಡಗೋಡ, ಹಳಿಯಾಳ, ಕುಮಟಾದ ಗಜನಿ, ಈ ನಾಲ್ಕು ಕಡೆಯಿಂದ ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಒಂದೇ ಪದ್ಧತಿಯಲ್ಲಿ ಅಳೆದರೆ ಐದು ವರ್ಷಕ್ಕೆ ಒಂದು ಗೆರೆ ಮೂಡುತ್ತದೆ. ಗೆರೆ ಏರುತ್ತಿದ್ದರೆ ಆ ಗುಂಪಿನ ಔಷಧಿಯನ್ನು ಎರಡು ಹಂಗಾಮು ಶಿಫಾರಸಿನಿಂದ ತೆಗೆಯಬಹುದು. ಔಷಧಿಯ ಒತ್ತಡ ಇಲ್ಲದಾಗ ಎಷ್ಟೋ ಗಟ್ಟಿ ಹುಳುಗಳು ಮೆತ್ತಗಿನವಕ್ಕಿಂತ ಕಡಿಮೆ ಮರಿ ಮಾಡುತ್ತವೆ. ಹಾಗಿದ್ದಲ್ಲಿ ಗೆರೆ ಇಳಿಯಲೂಬಹುದು.

ರೈತರು ಮಾಡಬಹುದಾದ್ದೂ ಇದೆ. ಹೊಡೆಯುವ ಮೊದಲು ಗದ್ದೆಯ ಇಪ್ಪತ್ತು ಬುಡ ಅಲ್ಲಾಡಿಸಿ ಹುಳು ಎಣಿಸಿ. ಔಷಧಿಯ ಹೆಸರು, ಡೋಸು, ತಾರೀಕು ಫೋನಿನಲ್ಲಿ ಬರೆದಿಡಿ. ಮೂರ್ನಾಲ್ಕು ದಿನದ ಮೇಲೆ ಮತ್ತೆ ಎಣಿಸಿ. ಪೈಮೆಟ್ರೋಜಿನ್‌ನಂಥವು ನಿಧಾನ, ಹುಳು ತಿನ್ನುವುದು ಬಿಟ್ಟರೂ ಕೂಡಲೇ ಸಾಯುವುದಿಲ್ಲ. ಅಂಥದ್ದಕ್ಕೆ ಇನ್ನಷ್ಟು ದಿನ ಬಿಡಿ. ಸರಿಯಾದ ಡೋಸು ಬುಡಕ್ಕೆ ಬಿದ್ದೂ ಹುಳು ಉಳಿದಿದ್ದರೆ ಅದೇ ಔಷಧಿಯನ್ನು ಎರಡನೇ ಸಲ ಹೊಡೆಯಬೇಡಿ. ಉಳಿದ ಹುಳುಗಳನ್ನು ಭತ್ತದ ಬುಡದ ಸಮೇತ, ತೆಳು ಬಟ್ಟೆ ಕಟ್ಟಿದ ಡಬ್ಬಿಯಲ್ಲಿ, ಬಿಸಿಲು ತಾಗದಂತೆ ಜೀವಂತ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಗಾಡಿಯ ಡಿಕ್ಕಿಯಲ್ಲಿ ಬೆಂದ ಹುಳು ಕಾಂಡದ ಪರೀಕ್ಷೆಗೆ ಬರುವುದಿಲ್ಲ. ದಾರಿಯಲ್ಲಿ ಸತ್ತದ್ದನ್ನು ಬಿಸಾಡಬೇಡಿ, ಮದ್ಯಸಾರದ ಸೀಸೆಗೆ ಹಾಕಿ ಊರು, ತಾರೀಕು, ಹೊಡೆದ ಔಷಧಿ ಬರೆದು ಅಂಟಿಸಿ.